ಹಡಗು ಕಟ್ಟದ ಕಲ್ಲು

ಹಾಲ್ವರ್ ಬ್ರೆಕ್ಕೆಗೆ ನೂರ್ಡಾಲ್ ಊರಿನಲ್ಲಿ ಮನೆ ಅಂತ ಇದ್ದದ್ದು ನೇಗಿಲು, ಕುಂಟೆ ಮಾರುವ ಅಂಗಡಿಯ ಮೇಲಿನ ಒಂದೇ ಕೋಣೆ. ತನ್ನ ಪ್ರಾಯವನ್ನೆಲ್ಲ ಅವನು ಬೆಣ್ಣೆ ಕಾರ್ಖಾನೆಯ ಲಾರಿ ಓಡಿಸಿ ಕಳೆದ. ಬೆಳಗಾದರೆ ಹೊರಡುವುದು, ಒಂದೊಂದು ಹೊಲಮನೆಯ ಮುಂದೆಯೂ ನಿಲ್ಲಿಸಿ ಕೆನೆ ತುಂಬಿದ ಕ್ಯಾನು ಎತ್ತಿ ಹಾಕಿಕೊಳ್ಳುವುದು, ಖಾಲಿ ಕ್ಯಾನು ಇಳಿಸುವುದು, ಮುಂದಿನ ಮನೆಗೆ ಹೋಗುವುದು. ಮುಚ್ಚಳ ತೆಗೆದು ಮೂಸಿದರೆ ಸಾಕು, ಆ ಮನೆಯಾಕೆ ಕೆನೆಯನ್ನು ತಂಪಿನಲ್ಲಿ ಇಟ್ಟಿದ್ದಳೋ ಮರೆತಿದ್ದಳೋ ಅವನಿಗೆ ಗೊತ್ತಾಗುತ್ತಿತ್ತು. ಆದರೆ ಆ ಮನೆಗಳ ಒಳಗಿನ ಸುಖದುಃಖ ತಿಳಿಯುವಷ್ಟು ಹೊತ್ತು ಅವನು ಎಲ್ಲಿಯೂ ನಿಲ್ಲಲಿಲ್ಲ. ನಿಲ್ಲು ಎಂದು ಯಾರೂ ಹೇಳಲೂ ಇಲ್ಲ.

ಅವನು ಹುಟ್ಟಿದ್ದು ನಾರ್ವೆಯಲ್ಲಿ, ಕಡಲು ಬೆಟ್ಟಗಳ ನಡುವೆ ನುಗ್ಗಿ ಬಂದ ಒಂದು ಚಾಚಿನ ದಡದಲ್ಲಿ. ಎಂಟು ತುಂಬುವ ಮುಂಚೆ ಅಪ್ಪ, ಅಮ್ಮ, ಅಣ್ಣನ ಜೊತೆ ಹಡಗು ಹತ್ತಿ ಮಿನೆಸೋಟಾದ ಈ ಪಶ್ಚಿಮದ ಬಯಲಿಗೆ ಬಂದ. ಬಂದ ಮರುವರ್ಷದ ಒಂದು ಸಂಗತಿ ಅವನ ಮನಸ್ಸಿನಿಂದ ಕೊನೆತನಕ ಹೋಗಲಿಲ್ಲ. ಅಮ್ಮ ಅವನನ್ನು ಕರೆದುಕೊಂಡು ಸಕ್ಕರೆ ತರಲು ಅಂಗಡಿಗೆ ಹೋಗಿದ್ದಳು. ಅಂಗಡಿಯವನ ಹೆಂಡತಿ, ಪೂರ್ವದ ಕಡೆಯಿಂದ ಬಂದ ಇಂಗ್ಲಿಷಿನವಳು, ಸಕ್ಕರೆ ತೂಗುತ್ತಾ ಕೇಳಿದಳು: "ನಿಮ್ಮೋರು ಇನ್ನೂ ಎಷ್ಟು ಜನ ಬರೋದಿದೆಯಮ್ಮಾ? ನೊಣ ಬಂದ ಹಾಗೆ ಬರ್ತಾನೇ ಇದ್ದೀರಲ್ಲ." ಅಮ್ಮನಿಗೆ ಇಂಗ್ಲಿಷ್ ಬಾರದು. ಏನೋ ಒಳ್ಳೆಯ ಮಾತಾಡಿದಳೆಂದು ತಿಳಿದು, ತಲೆಬಾಗಿ, ನಕ್ಕು, ಪೊಟ್ಟಣ ತೆಗೆದುಕೊಂಡಳು. ಶಾಲೆಗೆ ಹೋಗುತ್ತಿದ್ದ ಹಾಲ್ವರ್‌ಗೆ ಮಾತು ಅರ್ಥವಾಗಿತ್ತು. ದಾರಿಯಲ್ಲಿ ಅಮ್ಮ "ಏನಂದ್ಲೋ ಅವಳು?" ಎಂದು ಕೇಳಿದರೆ "ಚಳಿ ಜಾಸ್ತಿ ಅಂದ್ಲು" ಎಂದ.

ಅಪ್ಪ ತೀರಿಕೊಂಡ ಮೇಲೆ ಹೊಲ ಅಣ್ಣನ ಪಾಲಾಯಿತು, ಇವನ ಪಾಲಿಗೆ ಲಾರಿ ಬಂತು. ಮದುವೆಯ ಮಾತು ಒಂದೆರಡು ಸಲ ಬಂದು ಹಾಗೆಯೇ ಹೋಯಿತು.

ಒಂದು ವಸಂತದಲ್ಲಿ, ಹಿಮ ಕರಗಿ ದಾರಿಯೆಲ್ಲ ಹುಗ್ಗಿಯಾಗಿದ್ದಾಗ, ಲಾರಿ ಒಂದು ಜೌಗಿನ ಬದಿಯಲ್ಲಿ ಹೂತುಕೊಂಡಿತು. ಕುದುರೆ ಕಟ್ಟಿ ಎಳೆಸುವವರು ಬರುವವರೆಗೆ ಹಾಲ್ವರ್ ಒಂದು ಬಂಡೆಯ ಮೇಲೆ ಕೂತ. ಅಂಗೈಗೆ ಏನೋ ತಗ್ಗು ಸಿಕ್ಕಿತು. ನೋಡಿದರೆ ಬಂಡೆಯಲ್ಲೊಂದು ತೂತು. ಗೇಣುದ್ದ ಆಳ, ಅಂಚು ನುಣುಪು. ದುಂಡಗಿಲ್ಲ, ಮೂಲೆಗಳು ಮೊಂಡಾದ ತ್ರಿಕೋನಾಕಾರ. ಹುಟ್ಟೂರಿನ ದಡ ಅವನ ಕಣ್ಣಿಗೆ ಕಟ್ಟಿತು. ಅಲ್ಲಿ ನೀರಂಚಿನ ಬಂಡೆಗಳಿಗೆ ಹೀಗೆಯೇ ತೂತು ಕೊರೆದು, ಕಬ್ಬಿಣದ ಗೂಟ ಸಿಕ್ಕಿಸಿ, ಅದಕ್ಕೆ ದೋಣಿ ಕಟ್ಟುತ್ತಿದ್ದರು. ಇಲ್ಲಿ ಕಡಲಿಲ್ಲ. ಕಡಲಿಗೆ ಹೋಗಬೇಕಾದರೆ ರೈಲಿನಲ್ಲಿ ದಿನಗಟ್ಟಲೆ ಕೂರಬೇಕು. ಹಾಗಾದರೆ ಈ ಗೋಧಿ ಬಯಲಿನ ನಡುವೆ ದೋಣಿ ಕಟ್ಟಿದವರು ಯಾರು?

ಉತ್ತರ ಅವನಿಗೆ ಅಲ್ಲಿಯೇ ಹೊಳೆಯಿತು. ಹೊಳೆದದ್ದನ್ನು ಪರೀಕ್ಷಿಸುವ ಬದಲು ಅದಕ್ಕೆ ಒಪ್ಪುವುದನ್ನೇ ಹುಡುಕುತ್ತಾ ಹೋದ. ಅವನ ತಪ್ಪಿನ ಬೇರು ಇದ್ದದ್ದು ಅಲ್ಲಿ. ಹಳೆಯ ನಾರ್ವೆಯ ನಾವಿಕರು ಸಾವಿರ ವರ್ಷದ ಹಿಂದೆ ಕಡಲು ದಾಟಿ ಈ ಖಂಡದ ಅಂಚು ಮುಟ್ಟಿದ ಕಥೆ ಎಲ್ಲರಿಗೂ ಗೊತ್ತಿತ್ತು. ಹಾಲ್ವರ್ ಅವರನ್ನು ಅಂಚಿನಲ್ಲಿ ನಿಲ್ಲಗೊಡಲಿಲ್ಲ. ಉತ್ತರದ ಕೊಲ್ಲಿಯಿಂದ ನದಿಗೆ ಇಳಿಸಿ, ನದಿಯಿಂದ ಸರೋವರಕ್ಕೆ, ಸರೋವರದಿಂದ ಸರೋವರಕ್ಕೆ ತಂದು, ಆಗ ನೀರು ಈಗಿನದಕ್ಕಿಂತ ಎತ್ತರದಲ್ಲಿತ್ತೆಂದು ಹೇಳಿ, ನೂರ್ಡಾಲ್‌ನ ಹೊಲಗಳ ನಡುವೆ ಅವರ ಹಡಗು ಕಟ್ಟಿಸಿದ. ಲಾರಿ ನಿಂತ ಕಡೆಯೆಲ್ಲ ಬಂಡೆ ನೋಡಿದ. ಬೇಕಾದಷ್ಟು ತೂತು ಸಿಕ್ಕಿತು. ತನ್ನ ನಕ್ಷೆಯಲ್ಲಿ ಅವುಗಳಿಗೆ ಕೆಂಪು ಚುಕ್ಕಿ ಇಟ್ಟು ಗೆರೆ ಎಳೆದ. ಆ ಗೆರೆ ಹಡಗಿನ ದಾರಿಯಂತೆಯೇ ಕಂಡಿತು. ಅವನು ಬಂಡೆ ನೋಡಿದ್ದು ತನ್ನ ಲಾರಿಯ ದಾರಿಯಲ್ಲಿ ಮಾತ್ರ ಎಂಬುದು ಅವನಿಗೆ ಹೊಳೆಯಲಿಲ್ಲ.

ಊರಿನವರಿಗೆ ಇದೊಂದು ತಮಾಷೆಯಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಸೇರಿದಾಗ ಯಾರಾದರೂ ಶುರು ಮಾಡುತ್ತಿದ್ದರು. "ಹಾಲ್ವರ್, ನಮ್ಮ ಹಂದಿದೊಡ್ಡಿ ಹಿಂದೆ ಒಂದು ಹಡಗು ನಿಂತಿದೆ. ಬೇಗ ಬಂದು ಕಟ್ಟಯ್ಯಾ, ತೇಲಿ ಹೋದೀತು." ಇನ್ನೊಬ್ಬ, "ಆ ನಾವಿಕರು ಅಷ್ಟು ದೂರದಿಂದ ಬಂದು ಈ ಊರು ನೋಡಿ ತಕ್ಷಣ ವಾಪಸ್ ಹೋದ್ರಲ್ಲ, ಜಾಣರು ಕಣೋ" ಎನ್ನುತ್ತಿದ್ದ. ಹಾಲ್ವರ್ ನಗುತ್ತಿದ್ದ. ಲೋಟ ತೊಳೆದಿಟ್ಟು, ಟೋಪಿ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಹೊರಡುತ್ತಿದ್ದ.

ಟೈರು ರಿಪೇರಿಯ ಅಮೋಸ್ ಮಾತ್ರ ನಗದೆ ಕೇಳಿದ. ಅಮೋಸ್ ಡಕೋಟಾ ಜನದವನು. ಆ ಬಯಲು ಅವನ ಅಜ್ಜಂದಿರದ್ದಾಗಿತ್ತು. ಚಕ್ರ ಬಿಚ್ಚುತ್ತಾ ಅವನೆಂದ: "ಅಂದ್ರೆ ಇಲ್ಲಿಗೆ ಮೊದಲು ಬಂದೋರು ನಿಮ್ಮೋರು."

"ಬಿಳಿಯರಲ್ಲಿ ಮೊದಲು" ಎಂದ ಹಾಲ್ವರ್.

"ಸರಿ. ಅವ್ರು ಬಂದಾಗ ನಮ್ಮೋರು ಮನೇಲಿರ್ಲಿಲ್ವಾ? ನೋಡಿದ್ರೆ ಹೇಳ್ತಿದ್ರು. ನಮ್ಮಜ್ಜಿ ಪಕ್ಕದ ಗುಡಾರದೋರು ಕೆಮ್ಮಿದ್ದನ್ನೂ ಬಿಡದೆ ಹೇಳೋಳು."

ಹಾಲ್ವರ್ ದುಡ್ಡು ಎಣಿಸಿ ಕೊಟ್ಟ. ಲಾರಿ ಹತ್ತಿದ ಮೇಲೆ ಒಂದು ಉತ್ತರ ಹೊಳೆಯಿತು: ಮುದುಕಿಯರಿಗೆ ಎಲ್ಲವೂ ನೆನಪಿರುವುದಿಲ್ಲ. ಅದರಿಂದ ಅವನಿಗೆ ಸಮಾಧಾನವಾಯಿತು. ಮುಂದೊಮ್ಮೆ ನಗರದಿಂದ ಬಂದ ಪ್ರೊಫೆಸರರೊಬ್ಬರು ಎರಡು ಕಲ್ಲು ನೋಡಿ, "ಇದು ಬಂಡೆ ಒಡೆಯಲು ಸಿಡಿಮದ್ದಿಗೆ ಕೊರೆದ ತೂತು, ಮಿಸ್ಟರ್ ಬ್ರೆಕ್ಕೆ. ಹೊಲ ಮಾಡಿದವರ ಕೆಲಸ" ಎಂದಾಗಲೂ ಒಂದು ಸಮಾಧಾನ ಸಿಕ್ಕಿತು: ಆ ಮನುಷ್ಯ ಮೂರನೆಯ ಕಲ್ಲಿಗೆ ಕಾರಿನಿಂದ ಇಳಿಯಲೇ ಇಲ್ಲ.

ಥೇಯಾ ಹೌಗೆನ್‌ಳ ಪರಿಚಯವಾದದ್ದು ಆ ಪ್ರೊಫೆಸರ್ ಬಂದ ಬೇಸಿಗೆಯಲ್ಲೇ. ಸರೋವರದ ದಂಡೆಯಲ್ಲಿ ಅವಳೊಬ್ಬಳದೇ ಹೊಲಮನೆ. ಮದುವೆಯಾಗದೆ ಅಪ್ಪ ಅಮ್ಮನನ್ನು ಕೊನೆತನಕ ನೋಡಿಕೊಂಡು, ಆಮೇಲೆ ಹೊಲವನ್ನು ಗೇಣಿಗೆ ಕೊಟ್ಟು, ನಾಲ್ಕು ಹಸು ಇಟ್ಟುಕೊಂಡಿದ್ದ ಹೆಂಗಸು. ಹಾಲ್ವರ್‌ಗಿಂತ ಐದಾರು ವರ್ಷ ದೊಡ್ಡವಳು. ಹಳೆಯ ಲಾರಿಯವನು ನಿವೃತ್ತನಾಗಿ ಅವಳ ಮನೆಯ ದಾರಿ ಇವನಿಗೆ ಬಂತು. ಮೊದಲ ದಿನವೇ ದಂಡೆಯ ಹುಲ್ಲುಗಾವಲಲ್ಲಿ ಆನೆಯಷ್ಟು ದೊಡ್ಡ ಬಂಡೆ ಕಂಡು ಓಡಿದ. ತೂತು ಇತ್ತು. ಅವನು ಈವರೆಗೆ ನೋಡಿದ್ದರಲ್ಲೆಲ್ಲ ಚೆಂದದ ತೂತು, ನೀರಿಗೆ ಮುಖ ಮಾಡಿ. ಅದರೊಳಗೆ ಬೆರಳಿಟ್ಟು ನಿಂತಿದ್ದಾಗ ಹಿಂದೆ ಥೇಯಾ ಬಂದು ನಿಂತಿದ್ದಳು.

"ಇದೇನು ಅಂತ ಗೊತ್ತಾ ನಿಮಗೆ?" ಎಂದು ಕೇಳಿದ ಹಾಲ್ವರ್. ಅವಳು ಬಾಯಿ ತೆರೆಯುವ ಮುಂಚೆ ತಾನೇ ಹೇಳಿದ. ಕೊಲ್ಲಿ, ನದಿ, ಸರೋವರ, ಹಡಗು, ಗೂಟ, ಎಲ್ಲವನ್ನೂ ಹೇಳಿದ. ಅವಳು ಮೇಲಂಗಿಯ ಅಂಚಿಗೆ ಕೈ ಒರೆಸಿಕೊಳ್ಳುತ್ತಾ ಕೊನೆತನಕ ಕೇಳಿ, "ಕಾಫಿ ಕುಡೀತೀರಾ?" ಎಂದಳು.

ಅಂದಿನಿಂದ ಭಾನುವಾರ ಚರ್ಚು ಮುಗಿದ ಮೇಲೆ ಅವನು ಅವಳ ಮನೆಗೆ ಹೋಗತೊಡಗಿದ. ಮೊದಲು ಕಲ್ಲು ಅಳೆಯುವ ನೆಪ. ಆಮೇಲೆ ನೆಪ ಬೇಕಾಗಲಿಲ್ಲವಾದರೂ ಪ್ರತಿ ಸಲ ಮೊದಲು ಕಲ್ಲಿನ ಹತ್ತಿರ ಹೋಗಿ, ಆಮೇಲೆ ಅಡುಗೆಮನೆಯ ಬಾಗಿಲು ತಟ್ಟುತ್ತಿದ್ದ. ಅವಳು ಲೆಫ್ಸೆ ಎಂಬ ಆಲೂಗಡ್ಡೆಯ ತೆಳು ರೊಟ್ಟಿ ಬಿಸಿ ಮಾಡಿ, ಬೆಣ್ಣೆ ಸಕ್ಕರೆ ಸವರಿ, ಸುರುಳಿ ಸುತ್ತಿ ಕೊಡುತ್ತಿದ್ದಳು. ಅವನು ಮಾತಾಡುತ್ತಿದ್ದ, ಅವಳು ಹೆಣೆಯುತ್ತಿದ್ದಳು. ಗೋಡೆಯ ಮೇಲೆ ಅಣ್ಣ ಆಸ್ಲೆಯ ಫೋಟೋ ಇತ್ತು, ಹತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡ ತರುಣ. "ಒಳ್ಳೇ ಮುಖ" ಎಂದು ಹಾಲ್ವರ್ ಒಮ್ಮೆ ಹೇಳಿದ್ದ. "ಹೂಂ" ಎಂದಿದ್ದಳು ಅವಳು. ಅಷ್ಟೇ. ವರ್ಷಗಳು ಹೋದವು. ಅವಳನ್ನು ಮದುವೆಯಾಗೆಂದು ಕೇಳಬೇಕೆಂದು ಅವನಿಗೆ ಅನೇಕ ಭಾನುವಾರ ಅನಿಸಿತು. ಲಾರಿಯಲ್ಲಿ ಮಾತು ಜೋಡಿಸಿಕೊಂಡು ಬರುವುದು, ಬಂದು ಹಡಗಿನ ಮಾತಾಡಿ ಹೋಗುವುದು. ಎರಡು ಒಂಟಿ ಜೀವಗಳು ಒಂದು ಕಲ್ಲಿನ ಆಸರೆಯಲ್ಲಿ ಕೂತಿದ್ದವು. ಅದನ್ನು ಅಲುಗಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿನ ಗಾಳಿ ಬದಲಾಯಿತು. ಹೆದ್ದಾರಿ ಬಂತು, ಕಾರಿನಲ್ಲಿ ಸುತ್ತುವ ಜನ ಬಂದರು. ಅವರು ನೂರ್ಡಾಲ್‌ನಲ್ಲಿ ನಿಲ್ಲಲು ಒಂದು ಕಾರಣ ಬೇಕಾಗಿತ್ತು. ಹಾಲ್ವರ್‌ನ ಕೋಣೆಯ ಕೆಳಗಿನ ಅಂಗಡಿಯ ಯಜಮಾನ ನೆಲ್ಸ್ ಕ್ವಾಮೆ ಈಗ ಪೆಟ್ರೋಲ್ ಬಂಕನ್ನೂ ಇಟ್ಟಿದ್ದ. ಹಂದಿದೊಡ್ಡಿಯ ಹಡಗಿನ ತಮಾಷೆ ಶುರುಮಾಡಿದವನು ಅವನೇ. ಒಂದು ಸಂಜೆ ಮೆಟ್ಟಿಲು ಹತ್ತಿ ಬಂದು, ನಕ್ಷೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ.

"ಹಾಲ್ವರ್, ನಾವು ನಿನ್ನನ್ನ ಸರಿಯಾಗಿ ಅರ್ಥ ಮಾಡ್ಕೊಳ್ಲಿಲ್ಲ ಕಣಯ್ಯಾ" ಎಂದ.

ಸಮಿತಿಯಾಯಿತು. ಥೇಯಾಳ ಬಂಡೆಯ ಮುಂದೆ ಕಂಚಿನ ಫಲಕ ನಿಲ್ಲಿಸುವುದೆಂದು ತೀರ್ಮಾನವಾಯಿತು. ಬಂಡೆಯಿದ್ದ ತುಂಡು ಜಾಗವನ್ನು ಥೇಯಾ ಊರಿಗೆ ಬರೆದುಕೊಟ್ಟಳು. ಹಾಲ್ವರ್ ಕೇಳಿದ್ದಕ್ಕೆ ಕೊಟ್ಟಳು. ಕಾಫಿಗೆ ಸೇರಿದಾಗ ಜನ ಅವನಿಗೆ ಕುರ್ಚಿ ಬಿಟ್ಟುಕೊಡತೊಡಗಿದರು. ಅಮ್ಮ ಇದ್ದಿದ್ದರೆ ಎಂದು ಅವನಿಗೆ ಅನಿಸಿತು.

ಫಲಕದ ಬರಹ ಸಿದ್ಧವಾದಾಗ ಅದನ್ನು ಮೊದಲು ಥೇಯಾಳಿಗೆ ತೋರಿಸಲು ತಂದ. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕಿಟಕಿಯ ಬಳಿ ಕೂತು ಅವನೇ ಓದಿದ. ಸಾಗರ ದಾಟಿ ಬಂದ ನಾರ್ವೆಯ ವೀರರು ಈ ಬಂಡೆಯನ್ನು ಕೊರೆದು ತಮ್ಮ ಹಡಗು ಕಟ್ಟಿದರು ಎಂದಿತ್ತು ಅದರಲ್ಲಿ.

ಥೇಯಾ ಹೆಣಿಗೆ ಕೆಳಗಿಟ್ಟಳು. "ಇನ್ನೊಂದ್ಸಲ ಓದಿ."

ಅವನು ಓದಿದ.

"ಕಂಚಲ್ಲಿ ಹೊಯ್ದ್ರೆ ಆಮೇಲೆ ತಿದ್ದೋಕಾಗಲ್ಲ, ಅಲ್ವಾ?"

"ತಿದ್ದೋದ್ಯಾಕೆ? ನಾವೆಲ್ಲ ಹೋದ ಮೇಲೂ ಇರುತ್ತೆ ಅದು."

"ಹಾಗಿದ್ರೆ ಬೇಡ ಹಾಲ್ವರ್. ಅದು ಆಸ್ಲೆ ಕೊರೆದ ತೂತು."

ಹಾಲ್ವರ್ ಗೋಡೆಯ ಫೋಟೋದ ಕಡೆ ನೋಡಿದ. ಅವಳು ಅತ್ತ ನೋಡಲಿಲ್ಲ, ಅಷ್ಟು ದೂರ ಅವಳಿಗೆ ಕಾಣುತ್ತಲೂ ಇರಲಿಲ್ಲ. ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡುತ್ತಾ ಹೇಳಿದಳು. "ಆ ಬಂಡೆ ಒಡೆದು ದನದ ಕೊಟ್ಟಿಗೆಗೆ ಕಲ್ಲಿನ ಬುನಾದಿ ಹಾಕ್ಬೇಕು ಅಂತ ಅಣ್ಣನಿಗೆ ಆಸೆ. ಅಣ್ಣ ಸುತ್ತಿಗೆ ಹೊಡೀತಿದ್ದ, ಸಲಾಕೆ ಹಿಡ್ಕೊಂಡಿದ್ದೋಳು ನಾನು. ಒಂದು ಏಟು ಬಿದ್ದ ಮೇಲೆ ಸಲಾಕೇನ ಸ್ವಲ್ಪ ತಿರುಗಿಸ್ಬೇಕು, ಮತ್ತೆ ಏಟು, ಮತ್ತೆ ತಿರುಗಿಸ್ಬೇಕು. ಕೈ ಜೋಮು ಹಿಡೀತಿತ್ತು, ಸರಿಯಾಗಿ ತಿರುಗಿಸ್ತಿರ್ಲಿಲ್ಲ. ಅದಕ್ಕೇ ದುಂಡಗೆ ಬರ್ಲಿಲ್ಲ, ಮೂರು ಮೂಲೆ ಬಂತು. ನೀನು ಲೆಫ್ಸೆ ಲಟ್ಟಿಸಿದ್ರೂ ಇದೇ ಕಥೆ ಅಂತ ಬೈದ."

"ಆಮೇಲೆ?"

"ತೂತಿಗೆ ತುಂಬೋ ಸಿಡಿಮದ್ದು ತರೋಕೆ ಪೇಟೆಗೆ ಹೋದೋನು ಜ್ವರ ಹೊತ್ಕೊಂಡು ಬಂದ. ಮೇಲೆ ಏಳ್ಲಿಲ್ಲ. ಅಪ್ಪ ಕೊಟ್ಟಿಗೇನ ಮರದಲ್ಲೇ ಕಟ್ಟಿದ್ರು. ಆ ಬಂಡೆ ತಂಟೆಗೆ ಯಾರೂ ಹೋಗ್ಲಿಲ್ಲ."

ಹಾಲ್ವರ್ ಕಾಗದ ಮಡಚಿದ. ಮಡಚಿದ್ದನ್ನು ಮತ್ತೆ ಮಡಚಿದ. "ಇಷ್ಟು ವರ್ಷ ನೀವು ಹೇಳಲೇ ಇಲ್ಲ."

"ಯಾರು ಕೊರೆದದ್ದು ಅಂತ ನೀವು ಕೇಳಲೇ ಇಲ್ಲ. ನೀವೇ ಹೇಳಿದ್ರಿ."

"ಆದ್ರೂ ಹೇಳ್ಬಹುದಿತ್ತು."

"ಮೊದಲನೇ ದಿನ ಹೇಳೋಣ ಅಂತಾನೇ ಬಂದೆ. ನೀವು ಅದರೊಳಗೆ ಬೆರಳಿಟ್ಟು ದೇವರ ಮುಂದೆ ನಿಂತ ಹಾಗೆ ನಿಂತಿದ್ರಿ. ಅಣ್ಣ ಹೋದ ಮೇಲೆ ಅದನ್ನ ಯಾರೂ ಮುಟ್ಟಿರ್ಲಿಲ್ಲ. ಇರ್ಲಿ ಬಿಡು, ಈ ಮನುಷ್ಯನಾದ್ರೂ ಮುಟ್ಲಿ ಅನ್ನಿಸ್ತು." ಅವಳು ಹೆಣಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. "ಆಮೇಲೆ ಭಾನುವಾರಗಳು ಬಂದ್ವು."

ಆ ಕೊನೆಯ ಮಾತಿನಲ್ಲಿ ಏನಿತ್ತೆಂದು ಹಾಲ್ವರ್‌ಗೆ ಆಗ ಕೇಳಿಸಲಿಲ್ಲ. ಅವನಿಗೆ ಕೇಳಿಸಿದ್ದು ಒಂದೇ: ಇಡೀ ಊರು ನಕ್ಕಾಗ ನಗದೆ, ಮರುಪ್ರಶ್ನೆ ಹಾಕದೆ ಕೇಳಿದ ಒಬ್ಬಳೇ ಒಬ್ಬಳು, ಮೊದಲ ದಿನದಿಂದಲೂ ಅದು ಸುಳ್ಳೆಂದು ತಿಳಿದೇ ಕೇಳಿದ್ದಳು. ನಕ್ಕವರೇ ವಾಸಿ ಎನಿಸಿತು. ಟೋಪಿ ತೆಗೆದುಕೊಂಡು ಎದ್ದ. ಲೆಫ್ಸೆ ತಟ್ಟೆಯಲ್ಲಿಯೇ ಉಳಿಯಿತು.

ಅವನು ತಪ್ಪು ತಿಳಿದವನು ಹೌದು, ಸುಳ್ಳು ಹೇಳುವವನಲ್ಲ. ಅಲ್ಲಿಂದ ನೆಟ್ಟಗೆ ನೆಲ್ಸ್ ಕ್ವಾಮೆಯ ಬಳಿ ಹೋಗಿ ಎಲ್ಲವನ್ನೂ ಹೇಳಿ, ಆ ಫಲಕ ನಿಲ್ಲಿಸಬಾರದು, ನಿಲ್ಲಿಸುವುದೇ ಆದರೆ ಆಸ್ಲೆಯ ಹೆಸರು ಹಾಕಬೇಕು ಎಂದ.

ನೆಲ್ಸ್ ಬಂಕಿನ ಬಾಗಿಲು ಮುಂದೆ ಮಾಡಿದ. "ಥೇಯಾಗೆ ವಯಸ್ಸಾಯ್ತು ಕಣಯ್ಯಾ. ಕಣ್ಣೂ ಕಾಣಲ್ಲ. ಯಾವುದೋ ಕಲ್ಲು, ಯಾವುದೋ ಕಾಲ. ಮುದುಕಿಯರಿಗೆ ಎಲ್ಲಾ ನೆನಪಿರುತ್ತಾ?"

ಅಮೋಸನ ಅಜ್ಜಿಯ ಬಗ್ಗೆ ತಾನು ಅಂದುಕೊಂಡಿದ್ದ ಮಾತು ಅದೇ ಎಂದು ಹಾಲ್ವರ್‌ಗೆ ನೆನಪಾಯಿತು. "ಅವಳೇ ಸಲಾಕೆ ಹಿಡಿದಿದ್ಲು" ಎಂದ.

"ಆ ಕಲ್ಲು ಹೋದ್ರೆ ಹೋಗ್ಲಿ, ಬೇರೆ ಕಲ್ಲುಗಳಿಲ್ವಾ ನಿನ್ನ ನಕ್ಷೇಲಿ?"

"ಅವೂ ಹಾಗೇ ಇರ್ಬೇಕು."

ನೆಲ್ಸ್ ತಾಳ್ಮೆಯಿಂದ ಹೇಳಿದ: "ನೋಡು ಹಾಲ್ವರ್, ನೀನು ಹೇಳಿ ಹೇಳಿ ಈ ಊರು ನಂಬೋಕೆ ಇಷ್ಟು ವರ್ಷ ಬೇಕಾಯ್ತು. ಈಗ ನಂಬಿದೆ. ಹೆಂಗಸ್ರು ಆ ದಿನಕ್ಕೆ ಉಡುಪು ಹೊಲಿಸ್ತಿದ್ದಾರೆ. ಪಾದ್ರಿಗಳು ಪ್ರಾರ್ಥನೆ ಬರೆದಿದ್ದಾರೆ. ಈಗ ಬಂದು ನಂಬಬೇಡಿ ಅನ್ನೋಕೆ ನೀನ್ಯಾರು?"

ಹಾಲ್ವರ್ ಪಾದ್ರಿಗಳ ಬಳಿ ಹೋದ. ಪತ್ರಿಕೆಯವನ ಬಳಿ ಹೋದ. ಎಲ್ಲರೂ ಅವನ ಬೆನ್ನು ತಟ್ಟಿ, ಅವನದು ದೊಡ್ಡ ವಿನಯ ಎಂದರು. ಅನಾವರಣದ ದಿನ ಬ್ಯಾಂಡು ಬಾರಿಸಿತು, ಸಾಲ್ಮನ್ ಸ್ಯಾಂಡ್‌ವಿಚ್ ಹಂಚಿದರು. ಅವನು ಹೋಗಲಿಲ್ಲ. ಮೇಲಿನ ಕೋಣೆಯಲ್ಲಿ ಕೂತು, ಖಾಲಿಯಾದ ಬೀದಿ ನೋಡುತ್ತಿದ್ದ. ವೇದಿಕೆಯ ಮೇಲೆ ನೆಲ್ಸ್, ನಮ್ಮ ಹಾಲ್ವರ್‌ಗೆ ಹೊಗಳಿಕೆ ಆಗಿಬರೋದಿಲ್ಲ ಎಂದನಂತೆ. ಜನ ಚಪ್ಪಾಳೆ ತಟ್ಟಿದರಂತೆ.

ಥೇಯಾಳ ಮನೆಗೂ ಅವನು ಹೋಗಲಿಲ್ಲ. ಆ ದಾರಿಯನ್ನು ಕಾರ್ಖಾನೆಯವರಿಗೆ ಹೇಳಿ ಬೇರೆಯವನಿಗೆ ಕೊಡಿಸಿದ. ಶರತ್ಕಾಲ ಹೋಯಿತು, ಸರೋವರ ಹೆಪ್ಪುಗಟ್ಟಿತು. ಭಾನುವಾರ ಚರ್ಚಿನಲ್ಲಿ ಅವಳು ಮುಂದಿನ ಸಾಲಿನಲ್ಲಿ, ಇವನು ಹಿಂದಿನ ಸಾಲಿನಲ್ಲಿ. ಕೊನೆಯ ಹಾಡಿಗೇ ಎದ್ದು ಹೊರಗೆ ಬರುತ್ತಿದ್ದ. ಒಮ್ಮೆ ಮೆಟ್ಟಿಲ ಬಳಿ ಅವಳು ಹೆಜ್ಜೆ ತಡವರಿಸುತ್ತಾ, ಯಾರ ತೋಳೋ ಹಿಡಿದು ನಿಂತು, ಜನರ ಕಡೆ ಮುಖ ತಿರುಗಿಸಿ ತಿರುಗಿಸಿ ಏನನ್ನೋ ಹುಡುಕುವಂತೆ ಕಂಡಳು. ಅವನು ಲಾರಿ ಸ್ಟಾರ್ಟ್ ಮಾಡಿದ.

ಆ ಚಳಿಗಾಲದಲ್ಲಿ, ಕೋಣೆಯ ಒಲೆಯ ಮುಂದೆ ಕೂತು, ಅವಳಾಡಿದ ಮಾತುಗಳನ್ನು ಒಂದೊಂದಾಗಿ ನೆನೆಸಿಕೊಂಡ. ಭಾನುವಾರಗಳು ಬಂದವು ಎಂಬ ಮಾತಿನ ಹತ್ತಿರ ಬಂದಾಗಲೆಲ್ಲ ಅಲ್ಲಿಗೇ ನಿಲ್ಲುತ್ತಿದ್ದ. ಅವಳು ಸುಳ್ಳನ್ನು ಕೇಳಿಸಿಕೊಂಡು ಕೂತಿರಲಿಲ್ಲ, ತನ್ನನ್ನು ಕೇಳಿಸಿಕೊಂಡು ಕೂತಿದ್ದಳು ಎಂಬುದು ಅವನಿಗೆ ಅರ್ಥವಾಗುವ ಹೊತ್ತಿಗೆ ಸರೋವರದ ಮಂಜುಗಡ್ಡೆ ಬಿರುಕು ಬಿಡುತ್ತಿತ್ತು.

ದಾರಿ ಒಣಗಿದ ಮೊದಲ ಭಾನುವಾರ ಹೋದ. ಅಂಗಳದಲ್ಲಿ ಕಾರು ನಿಂತಿತ್ತು. ಥೇಯಾಳ ದಾಯಾದಿಯೊಬ್ಬರ ಮಗಳು ನಗರದಿಂದ ಬಂದು ಪಾತ್ರೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು. ಹಸುಗಳು ಆಗಲೇ ಹೋಗಿದ್ದವು. ಥೇಯಾ ಕೋಟು ತೊಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಕಣ್ಣು ಪೂರ್ತಿ ಹೋಗಿತ್ತು.

"ಹಾಲ್ವರ್ ಅಲ್ವಾ? ಹೆಜ್ಜೆ ಗೊತ್ತಾಯ್ತು" ಎಂದಳು. "ಇವತ್ತು ನೀವು ಕಲ್ಲಿನ ಹತ್ರ ಹೋಗ್ದೆ ನೇರ ಬಂದ್ರಿ."

"ಹೌದು."

"ಕಾಫಿ ಕೊಡೋಣ ಅಂದ್ರೆ ಕೆಟಲ್ ಎಲ್ಲಿ ಸುತ್ತಿಟ್ಟಿದ್ದಾಳೋ."

"ಪರವಾಗಿಲ್ಲ."

ಹೇಳಬೇಕೆಂದು ಬಂದದ್ದು ಬಾಯಿಗೆ ಬರಲಿಲ್ಲ. ಪಾತ್ರೆ ಸುತ್ತುವವಳು ಒಳಗೆ ಹೊರಗೆ ಓಡಾಡುತ್ತಲೇ ಇದ್ದಳು. "ಆಸ್ಲೆ ಹೆಸರು ಹಾಕಿ ಅಂತ ಹೇಳಿದೆ. ಅವ್ರು ಕೇಳ್ಲಿಲ್ಲ" ಎಂದಷ್ಟೇ ಹೇಳಿದ.

ಥೇಯಾ ಕೈ ಚಾಚಿದಳು. ಮೇಜಿನ ಮೇಲೆ ತಡವಿ ಅವನ ತೋಳಿನ ತುದಿ ಸಿಕ್ಕಿತು, ಅದನ್ನು ಹಿಡಿದುಕೊಂಡಳು. ಪಾತ್ರೆಗಳ ಸದ್ದು ನಿಲ್ಲುವವರೆಗೆ ಇಬ್ಬರೂ ಹಾಗೆಯೇ ಕೂತಿದ್ದರು. ಆಮೇಲೆ ಅವಳನ್ನು ಕಾರಿಗೆ ಹತ್ತಿಸಿದರು. ಮರುವರ್ಷ ಅವಳನ್ನು ಊರಿನ ಚರ್ಚಿನ ಹಿಂದೆ, ಅಣ್ಣನ ಪಕ್ಕದಲ್ಲಿ ಮಣ್ಣು ಮಾಡಲು ತಂದರು.

ನಿವೃತ್ತನಾದ ಮೇಲೆ ಹಾಲ್ವರ್ ತನ್ನ ಹಳೆಯ ದಾರಿಯಲ್ಲಿ ಮನೆಮನೆಗೆ ಹೋಗಿ, ನಿಮ್ಮ ಹೊಲದ ಬಂಡೆ ಕೊರೆದವರು ಯಾರು ಎಂದು ಕೇಳತೊಡಗಿದ. ಒಬ್ಬ ಮುದುಕ ಹಾಸಿಗೆಯಿಂದಲೇ, "ನಾನೂ ನಮ್ಮಪ್ಪನೂ. ಮದ್ದು ಸಾಲ್ಲಿಲ್ಲ, ಬಿಟ್ವಿ. ಯಾಕೆ, ಈಗ ಒಡೀತೀಯಾ?" ಎಂದ. ಉಳಿದ ಮನೆಗಳಲ್ಲಿ ಇದ್ದವರು ಮಕ್ಕಳು, ಮೊಮ್ಮಕ್ಕಳು. ಅವರಿಗೆ ಏನೂ ಗೊತ್ತಿರಲಿಲ್ಲ. "ಅದು ಹಡಗಿನ ಕಲ್ಲಂತೆ. ನೀವೇ ಅಲ್ವಾ ಕಂಡುಹಿಡಿದಿದ್ದು?" ಎನ್ನುತ್ತಿದ್ದರು.

ಬೇಸಿಗೆಯಲ್ಲಿ ಅವನು ದಂಡೆಗೆ ಹೋಗಿ ಬೇಲಿಯ ಪಕ್ಕ ಕೂರುತ್ತಿದ್ದ. ಪ್ರವಾಸಿಗಳು ಬಂದು, ಫಲಕ ಓದಿ, ತೂತಿಗೆ ಬೆರಳು ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ಹತ್ತಿರ ಹೋಗಿ, ಟೋಪಿ ತೆಗೆದು, "ಇದನ್ನ ಕೊರೆದಿದ್ದು ಆಸ್ಲೆ ಹೌಗೆನ್. ಸಲಾಕೆ ಹಿಡಿದಿದ್ದು ಅವನ ತಂಗಿ ಥೇಯಾ" ಎಂದು ಹೇಳುತ್ತಿದ್ದ. ಕೆಲವರು ಹೌದಾ ಎನ್ನುತ್ತಿದ್ದರು. ಕೆಲವರು ಅವನಿಗೆ ಬೆನ್ನು ಮಾಡಿ ಮುಗುಳ್ನಗುತ್ತಿದ್ದರು. ಬಂಕಿನಲ್ಲಿ ವಿಚಾರಿಸಿದರೆ ನೆಲ್ಸ್, "ಪಾಪ, ವಯಸ್ಸಾಯ್ತು. ಕಂಡುಹಿಡಿದೋನು ಅವನೇ, ಈಗ ಅವನಿಗೇ ಮರೆತು ಹೋಗಿದೆ" ಎಂದು ಹೇಳಿ ಕಳಿಸುತ್ತಿದ್ದ.

ಹಾಲ್ವರ್ ತೀರಿಕೊಂಡಾಗ ಪತ್ರಿಕೆ ಮುಖಪುಟದಲ್ಲಿಯೇ ಸುದ್ದಿ ಹಾಕಿತು, ನಮ್ಮ ನಾಡಿನ ಹಡಗುಗಲ್ಲನ್ನು ಲೋಕಕ್ಕೆ ತೋರಿಸಿದವರು ಎಂದು. ಅವನ ಫೋಟೋ ಸಿಗದೆ ಬಂಡೆಯ ಫೋಟೋವನ್ನೇ ಹಾಕಿದ್ದರು.